ಆಪರೇಷನ್ ದಿನ ಕುಡಿಸಿದ ಎಳನೀರು

ಇದನ್ನು ನಂಬದೆ ಇರಿ ನೋಡೋಣ. ನಮ್ಮೂರು ಅರಳಗುಪ್ಪೆಯಲ್ಲಿ ನನ್ನ ಮಾತು ನಂಬಬಾರದೆಂದು ಹಟ ತೊಟ್ಟವರೆಲ್ಲ ಕೊನೆಗೆ ನಂಬಿಯೇ ಕೆಟ್ಟಿದ್ದಾರೆ. ಅಮ್ಮಸಂದ್ರದ ಫ್ಯಾಕ್ಟರಿಯಿಂದ ತಂದ ಒಂದು ಚಿಟಿಕೆ ಸಿಮೆಂಟನ್ನು ಕಾಶಿಯ ವಿಭೂತಿ ಎಂದು ಭಾವಮೈದುನನ ಹಣೆಗೆ ಹಚ್ಚಿಸಿದವನು ನಾನು. ಅಂಥವನಿಗೆ ಇವತ್ತು ಬೆಳಿಗ್ಗೆ ತಿಪಟೂರಿನ ಲ್ಯಾಬಿನಲ್ಲಿ, ಶುಗರ್ ಪರೀಕ್ಷೆಗೆ ರಕ್ತ ತೆಗೆಯುವ ಹುಡುಗಿ ತೋಳಿಗೆ ಸ್ಪಿರಿಟ್ ಉಜ್ಜುತ್ತ, “ಏನೂ ತಿಂದು ಕುಡಿದು ಬಂದಿಲ್ಲ ತಾನೆ ತಾತ?” ಅಂದಳು. ಬಾಯಿಗೆ ಬಂದಿದ್ದ ತಮಾಷೆ ಆ ವಾಸನೆಗೆ ಅಲ್ಲೇ ನಿಂತುಹೋಯಿತು.

ಅದೇ ವಾಸನೆಯ ಆಸ್ಪತ್ರೆಗೆ ನನ್ನ ಮಗಳು ಸಿಂಚನಾಳನ್ನು ಕರೆದೊಯ್ದಾಗ ಅವಳಿಗೆ ಐದು ವರ್ಷ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದವಳು. ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅತ್ತರೆ ಉಬ್ಬುತ್ತಿತ್ತು, ಮಲಗಿದರೆ ಮಾಯ. ಹರ್ನಿಯಾ, ಸಣ್ಣ ಆಪರೇಷನ್, ಅರ್ಧ ಗಂಟೆಯ ಕೆಲಸ ಅಂದರು ಡಾಕ್ಟರು. ಕತ್ತರಿ ಹಿಡಿದವರಿಗೆ ಅದು ಸಣ್ಣದೇ ಇರಬಹುದು. ಹೆತ್ತವರನ್ನು ಕೇಳಿ ನೋಡಿ. ಆ ವಾರವಿಡೀ ಸಿಕ್ಕಸಿಕ್ಕವರಿಗೆಲ್ಲ ಜೋಕು ಹೇಳುತ್ತ ತಿರುಗಿದೆ. ಹೆದರಿಕೆಯಾದರೆ ನನಗೆ ಜೋಕು ಜಾಸ್ತಿ.

ಬೆಳಗಿನಿಂದ ಬಾಯಿಗೆ ಏನೂ ಹಾಕಬಾರದು, ನೀರು ಕೂಡ ಬೇಡ ಎಂದು ನರ್ಸು ಹೇಳಿದ್ದರು. ನನ್ನ ಹೆಂಡತಿ ಜಯಮ್ಮ ಅಡುಗೆಮನೆಗೆ ಚಿಲಕ ಹಾಕಿ ಸ್ನಾನಕ್ಕೆ ಹೋದಳು. ಮಗು ನನ್ನ ಪಂಚೆ ಹಿಡಿದು, “ಅಪ್ಪ, ಬಾಯಾರ್ತದೆ,” ಅಂದಿತು. ನಮ್ಮ ಕಡೆ ಏಕಾದಶಿ ಉಪವಾಸದವರೂ ಎಳನೀರು ಕುಡಿಯುತ್ತಾರೆ, ಉಪವಾಸ ಕೆಡುವುದಿಲ್ಲ. ಜ್ವರ ಬಂದವರಿಗೆ, ವಾಂತಿಯಾದವರಿಗೆ ಮೊದಲು ಕೊಡುವುದೂ ಅದನ್ನೇ. ತಿಂದದ್ದು ಕುಡಿದದ್ದರ ಲೆಕ್ಕಕ್ಕೆ ಅದನ್ನು ಯಾರೂ ಸೇರಿಸುವುದಿಲ್ಲ. ಹಿತ್ತಲ ಗಿಡ್ಡ ಮರದಿಂದ ಒಂದನ್ನು ಕಿತ್ತು, ಕೆತ್ತಿ, ಕುಡಿಸಿದೆ.

“ಅಮ್ಮಂಗೆ ಹೇಳ್ಬ್ಯಾಡ ಕಣವ್ವ, ನಮ್ಮಿಬ್ರುದೇ ಗುಟ್ಟು,” ಅಂದೆ.

ಆಸ್ಪತ್ರೆಯಲ್ಲಿ ನರ್ಸು, “ಮಗು ಏನಾದ್ರೂ ತಿಂದದಾ?” ಅಂದಾಗ, “ಆರು ಇಡ್ಲಿ, ಎರಡು ವಡೆ,” ಅಂದೆ. ಅವರು ಬೆಚ್ಚಿಬಿದ್ದರು. “ಅವ್ರ ಮಾತು ಕೇಳ್ಬ್ಯಾಡಿ ಸಿಸ್ಟರ್, ಏನೂ ಕೊಟ್ಟಿಲ್ಲ,” ಅಂದಳು ಜಯಮ್ಮ. ಎಲ್ಲರೂ ನಕ್ಕರು.

ಪಕ್ಕದ ಬೆಂಚಿನಲ್ಲಿ ಹುಳಿಯಾರಿನ ಟೈಲರ್ ಸಾಹೇಬರೊಬ್ಬರು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. “ಇವನ್ದು ನಿನ್ನೇನೇ ಆಗ್ಬೇಕಿತ್ತು ಕಣ್ರೀ. ಅರ್ಧ ಲೋಟ ಟೀ ಕುಡಿದ್ಬುಟ್ಟಿದ್ದ, ವಾಪಸ್ ಕಳಿಸಿದ್ರು. ಜ್ಞಾನ ತಪ್ಸಿದಾಗ ಹೊಟ್ಟೇಲಿರೋದು ಮೇಲಕ್ಕೆ ಬಂದು ಉಸಿರಿಗೆ ಸೇರ್ಕೊಂಡ್ರೆ ಜೀವಕ್ಕೇ ಅಪಾಯವಂತೆ,” ಅಂದರು.

ಅಷ್ಟರಲ್ಲಿ ಒಳಗಿನಿಂದ ಸಿಂಚನಾ ಹೆಸರು ಕರೆದರು. ನಾನು ಎದ್ದುನಿಂತೆ.

“ತಡೀರಿ ಸಿಸ್ಟರ್. ಮಗು ಎಳನೀರು ಕುಡಿದದೆ.”

“ಆಗ್ಲೇ ಇಡ್ಲಿ, ಈಗ ಎಳನೀರಾ? ಸುಮ್ನೆ ಕೂತ್ಕಳಿ ಯಜಮಾನ್ರೇ,” ಎಂದು ನಗುತ್ತಲೇ ಅವರು ಮಗುವಿನ ಕೈ ಹಿಡಿದರು.

“ನೀನೇ ಹೇಳು ಮಗಳೇ, ಕುಡಿದೆ ತಾನೆ?”

ಸಿಂಚನಾ ನನ್ನನ್ನೇ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಇಲ್ಲ,” ಅಂದಳು. ನನ್ನ ಮಗಳಲ್ಲವೇ, ಗುಟ್ಟು ಉಳಿಸಿಕೊಂಡಳು.

ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈ ಚಾಚಿ ಚೌಕಟ್ಟು ಹಿಡಿದುಕೊಂಡೆ. ಇಡೀ ಊರಿಗೆ ಸುಳ್ಳು ನಂಬಿಸಿದ ಬಾಯಿ, ಒಂದೇ ಒಂದು ನಿಜಕ್ಕೆ ಕೈಕೊಟ್ಟಿತು. ಜಯಮ್ಮ ಎದ್ದು ಬಂದು ನನ್ನ ಮುಖವನ್ನೇ ದಿಟ್ಟಿಸಿದಳು.

“ನಿಲ್ಲಿ ಸಿಸ್ಟರ್. ಇವ್ರು ಸುಳ್ಳು ಹೇಳ್ಬೇಕಾದ್ರೆ ಕಣ್ಣು ನಗ್ತಿರ್ತವೆ. ಈಗ ನಗ್ತಿಲ್ಲ.”

ಡಾಕ್ಟರು ಚೆನ್ನಾಗಿ ಬೈದು ಆಪರೇಷನ್ ಮಧ್ಯಾಹ್ನಕ್ಕೆ ಹಾಕಿದರು. ಸಾಹೇಬರ ಮಗ ಮೊದಲು ಹೋಗಿ ಬಂದ. ಸಂಜೆ ಸಿಂಚನಾ ಕಣ್ಣು ಬಿಟ್ಟು ನನಗೆ ಹೇಳಿದ ಮೊದಲ ಮಾತು, “ನಾನು ಹೇಳ್ಲಿಲ್ಲ ಅಲ್ವಾ ಅಪ್ಪ?” ಜಯಮ್ಮ ಅಂದು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಇವತ್ತು ಲ್ಯಾಬಿನ ಹುಡುಗಿಗೆ, “ಖಾಲಿ ಹೊಟ್ಟೆ ಕಣವ್ವ,” ಎಂದಷ್ಟೇ ಹೇಳಿ ತೋಳು ಚಾಚಿದೆ. ನಿಜ ಹೇಳುವ ಚಟ ಒಮ್ಮೆ ಹತ್ತಿದರೆ ನಿಲ್ಲುವುದಿಲ್ಲವೋ ಏನೋ, ಜಯಮ್ಮನಿಗೂ ಹೇಳದ ಒಂದನ್ನು ನಿಮಗೆ ಹೇಳಿಬಿಡುತ್ತೇನೆ. ಇಷ್ಟು ಹೊತ್ತು ಹೇಳಿದ್ದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ: ಮಗು ಬಾಯಾರಿಕೆ ಅಂದದ್ದು. ಸಿಂಚನಾ ಏನನ್ನೂ ಕೇಳಲಿಲ್ಲ. ಜಗಲಿಯ ಮೇಲೆ ಕೂತು ಹೊಸ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಅವಳನ್ನು ಬರಿಹೊಟ್ಟೆಯಲ್ಲಿ ಕರೆದುಕೊಂಡು ಹೋಗಲು ಆಗದೆ ಹೋದದ್ದು ನನಗೆ.