ಮಗುವಿನ ತಲೆಯ ಮೇಲಿನ ಆಣೆ

ಅಕ್ಕ ಜೈಲಿನಿಂದ ಬಿಡುಗಡೆಯಾದ ದಿನ ಅವಳನ್ನು ಆಟೋದಲ್ಲಿ ಕರೆತಂದೆ. ಬಸ್ಸಿನಲ್ಲಿ ಬಂದರೆ ಹಿನಕಲ್‌ನ ಅರ್ಧ ಊರು ನೋಡುತ್ತದೆ ಅನ್ನುವ ಹೆದರಿಕೆ. ಆಟೋದಲ್ಲಿ ಬಂದದ್ದನ್ನು ಇಡೀ ಊರು ನೋಡಿತು. ತೊಂಬತ್ತರ ದಶಕದ ಕೊನೆಯ ಮಾತು. ಕೆಲಸಕ್ಕಿದ್ದ ಮನೆಯಲ್ಲಿ ಸರ ಕದ್ದು ಮಾರಿ, ಸಾರಾಯಿಗೆ ಸುರಿದು, ಎರಡು ವರ್ಷ ಒಳಗಿದ್ದಳು. ಕುಡಿತ ಕಲಿಸಿದವನು ಅವಳ ಗಂಡ. ಹೊಡೆದ ದಿನ ನೋವು ಗೊತ್ತಾಗದಿರಲಿ ಅಂತ ಅವನೇ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಹರಿದು ಅವಳ ಬಾಯಿಗೆ ಹಿಡಿಯುತ್ತಿದ್ದನಂತೆ. ಆಮೇಲೆ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ. ಕುಡಿತ ಇವಳ ಹತ್ತಿರ ಉಳಿಯಿತು.

ಅವಳ ಆರು ವರ್ಷದ ಮಗಳು ನನ್ನ ಹತ್ತಿರ ಬೆಳೆಯುತ್ತಿದ್ದಳು. ನಾನು ಮದುವೆಯಾಗದವಳು, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ತಾಯಿಗೆ ಹೊಂದಿಕೊಳ್ಳಲು ಮಗುವಿಗೆ ಒಂದು ವಾರ ಸಾಕಾಯಿತು. ಅಕ್ಕ ಯಾವುದಕ್ಕೂ ಹೊಂದಿಕೊಳ್ಳಲಿಲ್ಲ. ಚಿಲಕ ಹಾಕಿದರೆ ಎದ್ದು ನಿಲ್ಲುತ್ತಿದ್ದಳು. ತಟ್ಟೆ ಬಿದ್ದರೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಿದ್ದಳು. ಸಂಜೆಯಾದರೆ ಒಂದು ಕಡೆ ಕೂರಲಾರಳು. ಇದು ಕಾಯಿಲೆ, ಇದಕ್ಕೂ ಡಾಕ್ಟರಿದ್ದಾರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆಣೆ.

ನಮ್ಮ ಕಡೆ ಕುಡುಕ ಗಂಡಸರಿಗೆ ಹಾಗೇ ಮಾಡಿಸುವುದು. ಮಾರಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ, ಮಕ್ಕಳ ತಲೆಯ ಮೇಲೆ ಕೈ ಇಡಿಸಿ, ಇನ್ನು ಮುಟ್ಟಲ್ಲ ಅನ್ನಿಸುವುದು. ಗಂಡಸರು ಮೂರನೇ ದಿನ ಆಣೆ ತಪ್ಪಿ, ಒಂದು ತೆಂಗಿನಕಾಯಿ ಒಡೆದು, ಆರಾಮಾಗಿರುತ್ತಾರೆ. ಅಕ್ಕ ಅವರಂತಲ್ಲ ಅಂತ ನನಗೆ ಹೊಳೆಯಲಿಲ್ಲ. ಒಂದು ಶುಕ್ರವಾರ ತಾಯಿ ಮಗಳಿಗೆ ತಲೆಗೆ ನೀರು ಹಾಕಿಸಿ ಗುಡಿಗೆ ಕರೆದುಕೊಂಡು ಹೋದೆ. ಅಕ್ಕನ ಕೈ ಮಗುವಿನ ಕೂದಲಿಗೆ ತಾಗದೆ ಒಂದು ಬೆರಳಿನಷ್ಟು ಮೇಲೇ ನಿಂತಿತ್ತು. ನಾನೇ ಹಿಡಿದು ಒತ್ತಿದೆ.

ಆಮೇಲೆ ಸರಸ್ವತಿಪುರಂನ ನನ್ನ ಗಿರಾಕಿಯೊಬ್ಬರ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿಸಿದೆ. ಜೈಲಿನ ವಿಷಯ ಅವರಿಗೆ ಹೇಳಲಿಲ್ಲ. ಮೂರು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ಅವಳು ಒಳಗೆ ಬಂದಾಗ ವಾಸನೆಯೂ ಬಂತು. ಆ ಮನೆಯ ಯಜಮಾನರು ಹೆಂಡತಿಯ ಮೇಲೆ ಕೈ ಎತ್ತಿದ್ದನ್ನು ನೋಡಿದಳಂತೆ, ಕಾಲು ತಾನಾಗಿ ಅಂಗಡಿಗೆ ಎಳೆಯಿತಂತೆ. ಒಂದೇ ಪ್ಯಾಕೆಟ್ ಅಂದಳು. ಮಗು ಜ್ವರ ಬಂದು ಮಲಗಿತ್ತು. ನನಗೆ ರೇಗಿತು.

"ಮಗೀಗೆ ಏನಾರಾ ಆದ್ರೆ ನೀನೇ ಕಾರಣ ಕಣಕ್ಕ," ಅಂದೆ.

ಜ್ವರ ಬಂದದ್ದು ಬೆಳಿಗ್ಗೆ, ಅವಳು ಕುಡಿಯುವುದಕ್ಕೆ ಮೊದಲೇ. ಅದನ್ನು ನಾನು ಹೇಳಲಿಲ್ಲ. ಇವತ್ತಿಗೂ ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಅಕ್ಕ ಹೊಸ್ತಿಲಲ್ಲೇ ಕುಳಿತಳು. ಹಣೆಗೆ ಒದ್ದೆ ಬಟ್ಟೆ ಹಾಕು ಅಂದರೆ, ನೀನೇ ಹಾಕು ಅಂದಳು. ಎರಡು ದಿನ ಮಗುವನ್ನು ಮುಟ್ಟಲಿಲ್ಲ. ಮಗು ಅವ್ವಾ ಅಂದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು. ನನಗೆ ಭಯ ಹತ್ತಿದ್ದು ಆಗ. ಆಣೆ ಗೀಣೆ ಎಲ್ಲ ಬಿಡು ಅಂತ ಹೇಳಬೇಕು ಅನ್ನಿಸಿತು. ಆದರೆ ಬಿಗುಮಾನ. ನಾಳೆ ಹೇಳಿದರಾಯಿತು ಅಂತ ಸುಮ್ಮನಾದೆ.

ಮರುದಿನ ಅವಳು ಕೆಲಸಕ್ಕೆ ಹೋದಳು. ಮನೆಯವರೆಲ್ಲ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ, ಅವರ ಕಣ್ಣೆದುರೇ ದೇವರ ಮನೆಯ ಬೆಳ್ಳಿ ದೀಪ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳಂತೆ. ಓಡಲಿಲ್ಲ. ಗೇಟಿನ ಹತ್ತಿರ ಕೂತು, ಪೊಲೀಸರನ್ನು ಕರೆಯಿರಿ ಅಂದಳಂತೆ. ಹಳೆಯ ಕೇಸು ಇದ್ದದ್ದರಿಂದ ಯಾರೂ ಬೇರೆ ಮಾತು ಕೇಳಲಿಲ್ಲ.

ಮುಂದಿನ ವಾರ ಜೈಲಿಗೆ ಹೋದೆ. ಚೆನ್ನಾಗಿ ಬೈಯಬೇಕು ಅಂತಲೇ ಹೋಗಿದ್ದೆ. ಜಾಲರಿಯ ಆಚೆ ನಿಂತ ಅಕ್ಕ ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಮಗೀಗೆ ಜ್ವರ ಬುಡ್ತಾ?"

ನೀನು ಹೋದ ದಿನ ಸಂಜೆಗೇ ಬಿಟ್ಟಿತು ಅಂದೆ. ನಿಜವೇ ಅದು. ಹೇಳಿದ ಮೇಲೆ ಏನು ಹೇಳಿಬಿಟ್ಟೆ ಅಂತ ತಿಳಿಯಿತು.

ಅಕ್ಕನ ಮುಖ ಅರಳಿತು. ಅವಳು ಬಿಡುಗಡೆಯಾದ ದಿನವೂ ಆ ಮುಖ ನಾನು ನೋಡಿರಲಿಲ್ಲ.

"ನೋಡಿದ್ಯಾ? ಇನ್ನು ಲಾಯರು ಗೀಯರು ಅಂತ ಓಡಾಡಬ್ಯಾಡ ಕಣೆ," ಅಂದಳು. "ನಾನು ಇಲ್ಲಿದ್ರೆ ಅವಳು ಬದುಕ್ತಾಳೆ."