ಪೂಜೆಯಾದ ಕಿಟಕಿ

ಅಡಿಗೆಮನೆ ಹೊಸದು ಮಾಡೋಣ ಅಂತ ಆದ ದಿನವೇ ಮಂಗಮ್ಮನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕಿಟಕಿ ಬೇಕಾಯಿತು. ಮಗ ಸುಧಾಕರನಿಗೆ ಪೂರ್ವಕ್ಕೆ ಬೇಕು, ಎಳೆಬಿಸಿಲು ಒಲೆಯ ಮೇಲೆ ಬೀಳಬೇಕು. ಸೊಸೆ ಅಂಬಿಕಳಿಗೆ ಬೀದಿ ಕಡೆಗೆ ಬೇಕು, ಪಾತ್ರೆ ತೊಳೆಯುತ್ತಲೇ ಬಂಗಾರಪೇಟೆ ಬಸ್ಸು ಬಂತೋ ಇಲ್ಲವೋ ನೋಡಬೇಕು. ಗಂಡ ಸೊಣ್ಣಪ್ಪನಿಗೆ ಎಲ್ಲಿದ್ದರೂ ಸರಿ, ಪಡುವಣ ಗೋಡೆಯಲ್ಲಿ ಮಾತ್ರ ಇರಕೂಡದು.

"ಆ ಗೋಡೇಲಿರೋ ಹಳೇ ಕಿಟಕಿ ಕಿತ್ತಾಕಿ, ಇಟ್ಟಿಗೆ ಇಟ್ಟು ಮುಚ್ಚಿಬಿಡು ಪೆರುಮಾಳು," ಅಂದ. ಪೆರುಮಾಳ್ ಚಿನ್ನದ ಗಣಿಯ ಊರು ಕೋರಮಂಡಲ್‌ನಿಂದ ಬರುವ ಮೇಸ್ತ್ರಿ. "ಸರಿ ಸಾಮಿ," ಅಂದ.

ಮಂಗಮ್ಮ ಆ ಕಿಟಕಿಯ ಸರಳಿಗೆ ಒರಗಿ ನಿಂತುಬಿಟ್ಟಳು.

ಪಡುವಣ ಗೋಡೆಯ ಆಚೆ ಕೈ ಚಾಚಿದರೆ ಮುಗಿಯುವಷ್ಟು ಸಂದಿ. ಸಂದಿಯ ಆಚೆ ಶ್ರೀನಿವಾಸಪ್ಪನ ಅಡಿಗೆಮನೆ. ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎಂಬ ಜಗಳದಲ್ಲಿ ಗಂಡಸರಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ. ಎದುರಾದರೆ ಒಬ್ಬ ಆಕಾಶ ನೋಡುತ್ತಾನೆ, ಇನ್ನೊಬ್ಬ ತನ್ನ ಚಪ್ಪಲಿ ನೋಡುತ್ತಾನೆ. ಹೆಂಗಸರೂ ಮಾತಾಡಕೂಡದು ಅಂತ ಎರಡೂ ಮನೆಯಲ್ಲಿ ಕಟ್ಟಪ್ಪಣೆ.

ಮಂಗಮ್ಮ ಬೀದಿಯಲ್ಲಿ ಅಪ್ಪಣೆ ಮೀರಿದವಳಲ್ಲ. ಶ್ರೀನಿವಾಸಪ್ಪನ ಹೆಂಡತಿ ನಾರಾಯಣಮ್ಮ ಎದುರು ಬಂದರೆ ಕತ್ತು ನೋಯುವಷ್ಟು ಮುಖ ತಿರುಗಿಸುವಳು. ಆದರೆ ದಿನಾ ಬೆಳಗ್ಗೆ ಗಂಡಸರು ಹಾಲು ಹಾಕಲು ಡೇರಿಗೆ ಹೋದ ಮೇಲೆ, ಆ ಹಳೇ ಕಿಟಕಿಯ ಮುರಿದ ಸರಳಿನ ಸಂದಿನಿಂದ ಒಂದು ಬಟ್ಟಲು ಆ ಕಡೆ ಹೋಗುವುದು, ಒಂದು ಈ ಕಡೆ ಬರುವುದು. ಬಟ್ಟಲಿನ ಹಿಂದೆಯೇ ಮಾತು: ಅವಳ ಮಂಡಿನೋವು, ಇವಳ ಸೀಮೆಹಸುವಿನ ಕೆಚ್ಚಲುಬಾವು. ನಾರಾಯಣಮ್ಮನ ತಾಯಿ ತೀರಿಕೊಂಡ ವಾರ ಇಬ್ಬರೂ ಆ ಸರಳು ಹಿಡಿದುಕೊಂಡೇ ಅತ್ತಿದ್ದರು. ಆ ಕಿಟಕಿ ಮುಚ್ಚಿದರೆ ಎಲ್ಲ ಮುಚ್ಚಿದ ಹಾಗೆ. ಯಾಕೆ ಬೇಕು ಅಂತ ಯಾರಿಗೆ ಹೇಳುವುದು?

ಹೊಸ ಚೌಕಟ್ಟು ಬಂದಿದ್ದು ಗುರುವಾರ. ಪೆರುಮಾಳ್ ಪಡುವಣದ ಹಳೇ ಕಿಟಕಿ ಕಿತ್ತ, ಸುಧಾಕರ ಕೇಳಿದಂತೆ ಪೂರ್ವದ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟ. ಶುಕ್ರವಾರ ಬೆಳಗ್ಗೆ ಸೊಣ್ಣಪ್ಪ ಡೇರಿಗೆ ಹೋದದ್ದೇ ತಡ, ತಲೆಗೆ ನೀರು ಹಾಕಿಕೊಂಡ ಮಂಗಮ್ಮ ತಟ್ಟೆ ಹಿಡಿದು ಬಂದಳು.

"ಪೆರುಮಾಳು, ಆ ಚೌಕಟ್ಟು ಇಲ್ಲಿ ಒಂದು ಗಳಿಗೆ ನಿಲ್ಸಪ್ಪ, ಧೂಳು ಒರೆಸ್ತೀನಿ."

ಹಳೇ ಕಿಟಕಿ ಕಿತ್ತ ಜಾಗದಲ್ಲಿ ಅವನು ನಿಲ್ಲಿಸಿದ. ಅವಳು ಒರೆಸಿದಳು. ಒರೆಸಿದವಳು ಹಾಗೇ ಅರಿಶಿನ ಬಳಿದಳು, ಕುಂಕುಮ ಇಟ್ಟಳು, ಹೂವು ಮುಡಿಸಿದಳು. ಪೆರುಮಾಳ್ ಕಣ್ಣು ಬಿಡುವಷ್ಟರಲ್ಲಿ ತೆಂಗಿನಕಾಯಿ ಒಡೆದು ಕರ್ಪೂರ ಹಚ್ಚಿಯಾಗಿತ್ತು.

"ಏನ್ಮಾ ಇದು? ಬಾಗಿಲಿಗೆ ಪೂಜೆ ಮಾಡೋದು ನೋಡಿದೀನಿ. ಕಿಟಕಿಗೂನಾ?"

"ಬಾಗಿಲಲ್ಲಿ ಬರೋರು ನಾವು. ಗಾಳಿ ಬೆಳಕು ಬರೋದು ಕಿಟಕೀಲಿ. ಯಾರು ದೊಡ್ಡೋರು ನೀನೇ ಏಳು."

ಪೆರುಮಾಳ್ ತೆಪ್ಪಗೆ ಮಂಗಳಾರತಿ ತಗೊಂಡ. ಮಂಗಮ್ಮ ಅವನ ಕೈಗೆ ಕಾಯಿಯ ಹೋಳು ಕೊಡುತ್ತ, "ಪೂಜೆ ಆದ ಚೌಕಟ್ಟು ಕದಲಿಸಬಾರದು ಅಂತಾರೆ. ಕದಲಿಸಿದ್ರೆ ಏನಾಯ್ತದೋ, ನಂಗೇನು ಗೊತ್ತಪ್ಪ. ಮೇಸ್ತ್ರಿ ನೀನು," ಅಂದಳು.

ಪೆರುಮಾಳ್ ಎರಡು ಹೆಜ್ಜೆ ಹಿಂದೆ ಸರಿದ.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ತನ್ನ ಕಳ್ಳಾಟಕ್ಕೆ ದೇವರನ್ನು ಜೊತೆಗೆ ಎಳೆದುಕೊಂಡೆನಲ್ಲ ಅಂತ ಮಂಗಮ್ಮ ಒಳಗೆ ಹೋಗಿ ಪಟದ ಮುಂದೆ ಕೆನ್ನೆ ಬಡಿದುಕೊಂಡಳು. "ತಪ್ಪಾಯ್ತು ತಂದೆ. ಇದೊಂದು ಸಲ ಸುಧಾರಿಸ್ಕೊ."

ಸೊಣ್ಣಪ್ಪ ಬಂದವನೇ ಕೂಗಾಡಿದ. "ಯಾರ್ಲಾ ಇದನ್ನ ಇಲ್ಲಿ ನಿಲ್ಸಿದ್ದು?"

"ಪೂಜೆ ಆಗೋಯ್ತು ಸಾಮಿ. ನಾನು ಮುಟ್ಟಲ್ಲ. ಬೇಕಂದ್ರೆ ನೀವೇ ತೆಗೀರಿ."

ಸೊಣ್ಣಪ್ಪ ಹಾವಿಗೆ ಹೆದರದವನು, ಅರಿಶಿನ ಹಚ್ಚಿದ ಕಲ್ಲಿಗೆ ಹೆದರುವವನು. ಚೌಕಟ್ಟಿಗೆ ಕೈ ಹಾಕಿದ. ಕರ್ಪೂರ ಉರಿದ ಕಪ್ಪು ಗುರುತು ಕಂಡಿತು. ಹಾಕಿದ ಕೈಯನ್ನು ಹಾಗೇ ಕಣ್ಣಿಗೊತ್ತಿಕೊಂಡು ಹೊರಗೆ ಹೋದ.

"ಅತ್ತೇ, ನನ್ನ ಬೀದಿ ಕಿಟಕಿ?" ಅಂಬಿಕ ಪಿಸುಗುಟ್ಟಿದಳು.

"ಸುಮ್ನಿರಮ್ಮ. ಮನೇಲಿ ಇನ್ನೊಂದು ತೆಂಗಿನಕಾಯಿ ಐತೆ."

ಹದಿನೈದು ದಿನಕ್ಕೆ ಅಡಿಗೆಮನೆ ಸಿದ್ಧವಾಯಿತು. ಕಿಟಕಿಯ ಕಂಬಿಗಳ ನಡುವೆ ಬಟ್ಟಲು ಹಿಡಿಸುವಷ್ಟು ಜಾಗ ಬಿಡಿಸಲು ಮಂಗಮ್ಮ ಮರೆತಿರಲಿಲ್ಲ. ಮೊದಲ ದಿನ ಬೆಳಗ್ಗೆ ಹುರುಳಿಕಾಳಿನ ಬಸ್ಸಾರು ಆಚೆ ಹೋಯಿತು. ಆಚೆಯಿಂದ ಬಟ್ಟಲು ಹಿಡಿದ ನಾರಾಯಣಮ್ಮನ ಕೈ ಈಚೆ ಬರುತ್ತಿತ್ತು. ಅಷ್ಟರಲ್ಲಿ, ಡೇರಿಯ ಪುಸ್ತಕ ಮರೆತು ಹೋಗಿದ್ದ ಸೊಣ್ಣಪ್ಪ ಒಳಗೆ ಬಂದು ನಿಂತ.

ಕೈ ಅಲ್ಲೇ ನಿಂತಿತು. ಸೊಣ್ಣಪ್ಪ ಬಟ್ಟಲು ನೋಡಿದ, ಬಳೆ ನೋಡಿದ, ಗೂಡಿನಲ್ಲಿದ್ದ ಪುಸ್ತಕ ತಗೊಂಡ. ಬಾಗಿಲು ದಾಟುವಾಗ, ಹಿಂತಿರುಗದೆ ಹೇಳಿದ:

"ಯುಗಾದೀಲಿ ಕೊಟ್ಟ ಒಬ್ಬಟ್ಟಿನ ಸಾರಿಗೆ ಉಪ್ಪು ಸಾಲ್ದಾಗಿತ್ತು ಅಂತ ಏಳು ಆವಮ್ಮಂಗೆ."

ಮಂಗಮ್ಮ ಏನನ್ನಾದರೂ ಹೇಳುವ ಮೊದಲೇ ಸಂದಿಯ ಆಚೆಯಿಂದ, ಡೇರಿಗೆ ಹೋಗಿದ್ದಾನೆ ಅಂದುಕೊಂಡಿದ್ದ ಶ್ರೀನಿವಾಸಪ್ಪನ ದನಿ ಗುಡುಗಿತು:

"ಉಪ್ಪು ಸರ್ಯಾಗೇ ಇತ್ತು ಅಂತ ಏಳಮ್ಮಿ ಅವ್ರಿಗೆ!"