ಚೆಕರ್ ತೋರಿಸಿದ ಅನಾಥ ಫೈಲುಗಳು

ಹೆಬ್ಬಾಳದ ಆಫೀಸಿನಲ್ಲಿ ನನ್ನ ತಲೆಗೆ ಕಟ್ಟಿದ್ದು ಚೆಕರ್. ನಮ್ಮೆಲ್ಲರ ಕೋಡ್ ಇರೋದು ಒಂದೇ ಉಗ್ರಾಣದಲ್ಲಿ. ಅಲ್ಲಿ ಯಾವ ಫೈಲು ಕೆಟ್ಟಿದೆ, ಯಾವುದಕ್ಕೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಹುಡುಕೋ ಪ್ರೋಗ್ರಾಮ್ ಅದು. ಅನಾಥ ಅಂದಿದ್ದನ್ನ ಅಳಿಸೋಕೆ ನನ್ನ ಒಪ್ಪಿಗೆ ಬೇಕು.

ಒಂದೊಂದು ಕೆಲಸದ ಕೋಡಿಗೂ ಉಗ್ರಾಣದಲ್ಲಿ ಒಂದು ಕವಲು, ಅದೇ ಬ್ರಾಂಚ್. ಮೊದಲು ಚೆಕರ್ ಒಂದೊಂದು ಬ್ರಾಂಚಿನ ತುದಿ ಹಿಡಿದು ಕೊಂಡಿ ಕೊಂಡಿಯಾಗಿ ಇಳೀತಿತ್ತು. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಮುಗಿಯೋದು. ಬಾಸ್ ನನ್ನ ತಲೆ ತಿಂದರು. ಹಾಳಾಗಿ ಹೋಗಲಿ ಅಂತ, ಡಿಸ್ಕಿನಲ್ಲಿ ಬಿದ್ದಿರೋ ಕ್ರಮದಲ್ಲೇ ಓದೋ ಹಾಗೆ ಬದಲಾಯಿಸಿದೆ. ಕಾಫಿ ಕುಡಿದು ಬರೋದರೊಳಗೆ ಮುಗಿದಿತ್ತು. ಪರದೆ ತುಂಬಾ ಅನಾಥ ಫೈಲುಗಳು. ಅವುಗಳ ನಡುವೆ ನಾನು ಎರಡು ವರ್ಷ ಜೀವ ತೇಯ್ದು ಬರೆದ, ಇನ್ನೂ ಹೊರಗೆ ಬರದ ಕನ್ನಡ ಹುಡುಕಾಟದ ಕೋಡ್.

ಡಿಸ್ಕ್ ತುಂಬಿದೆ, ಊಟದೊಳಗೆ ಅಳಿಸಲೇಬೇಕು ಅಂತ ಬಾಸ್ ನನ್ನನ್ನ ಗಾಜಿನ ರೂಮಲ್ಲಿ ಕೂರಿಸಿದರು. ಕಿಟಕಿಯಾಚೆ ಫ್ಲೈಓವರ್ ಮೇಲೆ ಗಾಡಿಗಳು ಅಲ್ಲಾಡ್ತಿರಲಿಲ್ಲ. ಈ ಕಡೆ ಇಡೀ ಆಫೀಸು ನನ್ನ ಮುಖ ನೋಡ್ತಿತ್ತು. ಅಲ್ಲಿ ಕೂತು ಅಳೋ ಹಾಗೂ ಇಲ್ಲ, ಎದ್ದು ಹೋಗೋ ಹಾಗೂ ಇಲ್ಲ.

ತಪ್ಪು ಸಿಕ್ಕಿತು. ನನ್ನ ಚೆಕರ್ ಒಂದು ಫೈಲು ಕಂಡ ತಕ್ಷಣ ತೀರ್ಪು ಕೊಡ್ತಿತ್ತು. ಮದುವೆ ಛತ್ರದ ಬಾಗಿಲಲ್ಲಿ ಮಗುವನ್ನ ತಡೆದು ನೀನ್ಯಾರ ಕಡೆಯೋನು ಅಂದ ಹಾಗೆ. ಅಪ್ಪ ಅಮ್ಮ ಇನ್ನೂ ಗಾಡಿ ನಿಲ್ಲಿಸ್ತಿರ್ತಾರೆ. ಹಳೇ ಕ್ರಮದಲ್ಲಿ ಅಪ್ಪ ಅಮ್ಮನೇ ಮುಂದೆ ಬರ್ತಿದ್ದರಿಂದ ಇದು ಗೊತ್ತಾಗಿರಲಿಲ್ಲ. ಎಲ್ಲಾ ಓದಿ ಮುಗಿದ ಮೇಲಷ್ಟೇ ತೀರ್ಪು ಅಂತ ತಿದ್ದಿ ಮತ್ತೆ ಓಡಿಸಿದೆ. ಪಟ್ಟಿ ಸರಸರ ಕರಗಿತು. ಒಬ್ಬೊಬ್ಬರ ಕೋಡೂ ಅವರವರ ಬ್ರಾಂಚ್ ಸೇರಿತು. ನಂದು ಮಾತ್ರ ಪಟ್ಟಿಯಲ್ಲೇ ಉಳೀತು.

ಇನ್ನೂ ಏನೋ ತಪ್ಪಿದೆ ಅಂತ ಮತ್ತೆ ಓಡಿಸಿದೆ. ಆಮೇಲೆ, ಭಯಪಟ್ಟುಕೊಂಡೇ, ನನ್ನ ಬ್ರಾಂಚ್ ಹುಡುಕಿದೆ. ಇರಲಿಲ್ಲ. ಬಾಸನ್ನ ಕರೆದು ತೋರಿಸಿದೆ.

"ಅದನ್ನ ಕೈಬಿಟ್ವಿ ಕಣ್ರೀ. ಹೋದ ವಾರಾನೇ ಬ್ರಾಂಚ್ ತೆಗೆಸ್ದೆ. ನಿಮಗೆ ಯಾರೂ ಹೇಳ್ಲಿಲ್ವಾ?"

ಮಹಾನುಭಾವ, ಹೇಳಬೇಕಾದವರು ನೀವೇ ಅಲ್ವಾ. ಬಾಯಿಗೆ ಬಂದಿದ್ದನ್ನ ನುಂಗಿ, ಒಂದು ಪ್ರತಿ ಇಟ್ಕೊಳ್ಳಲಾ ಅಂತ ಕೇಳಿದೆ. ಕಂಪನಿ ಆಸ್ತಿ, ಲ್ಯಾಪ್‌ಟಾಪಿನಲ್ಲಿ ಇರೋದನ್ನೂ ತೆಗೆದುಬಿಡಿ ಅಂದರು.

"ಬೇಗ ಒಪ್ಪಿಗೆ ಕೊಡಿ. ಟೂಲ್ ನಿಮ್ದೇ ಅಲ್ವಾ."

ಕೊಟ್ಟೆ. ನಿಯಮದ ಪ್ರಕಾರ ಕೊನೇ ಸಲ ಚೆಕರ್ ಓಡಿಸಬೇಕಿತ್ತು, ಓಡಿಸಿದೆ. ಎಲ್ಲಾ ಸರಿಯಾಗಿದೆ ಅಂತ ತೋರಿಸಿತು.